ತೊಗಟೆ, ಹೊಗೆ, ತೊಗಲು

ಹೋದ ವರ್ಷ ಫೆಬ್ರವರಿಯ ಒಂದು ಶನಿವಾರ ಕುರಿಯರ್‌ನಲ್ಲಿ ಹತ್ತು ಮಿಲಿಲೀಟರಿನ ಒಂದು ಕಂದು ಗಾಜಿನ ಶೀಶೆ ಬಂತು. ಮೂರು ಪದರ ಪ್ಲಾಸ್ಟಿಕ್ಕು, ಅದರ ಮೇಲೆ ಟೇಪು. ನಾನಿನ್ನೂ ಮುಚ್ಚಳ ತೆಗೆದಿರಲಿಲ್ಲ. ಅಡುಗೆಮನೆಯಿಂದ ಹೆಂಡತಿಯ ದನಿ ಕೇಳಿತು. "ಏನೋ ಸುಟ್ಟ ವಾಸ್ನಿ ಬರಾಕತ್ತೈತಲ್ಲ, ವಾಯರ್ ಏನರ ಸುಟ್ಟೈತೇನ ನೋಡ್ರಿ." ಐದು ನಿಮಿಷಕ್ಕೆ ಎದುರುಮನೆಯ ಕಾಕೂ ಬೆಲ್ ಒತ್ತಿದರು. ಗ್ಯಾಸ್ ಮೇಲೆ ಹಾಲು ಮರೆತಿದ್ದೀರಾ ಎಂದು ಮರಾಠಿಯಲ್ಲಿ ಕೇಳಿದರು. ಏನೂ ಇಲ್ಲ ಎಂದು ನಕ್ಕು ಬಾಗಿಲು ಹಾಕಿದೆ. ಕೈಯಲ್ಲಿ ಶೀಶೆ ಇತ್ತು.

ಅದು ಬರ್ಚ್ ಟಾರ್. ಯುರೋಪು, ರಷ್ಯಾಗಳ ಚಳಿ ಕಾಡಿನಲ್ಲಿ ಬೆಳೆಯುವ ಬರ್ಚ್ ಎಂಬ ಬಿಳಿ ತೊಗಟೆಯ ಮರದಿಂದ ತೆಗೆದ ಕಪ್ಪು ಎಣ್ಣೆ. ಸುಗಂಧದ್ರವ್ಯ ಮಾಡುವವರಿಗೆ 'ಲೆದರ್' ವಾಸನೆ ಬೇಕೆಂದರೆ ಮೊದಲು ನೆನಪಾಗುವ ನೈಸರ್ಗಿಕ ವಸ್ತುಗಳಲ್ಲಿ ಇದೂ ಒಂದು. ಅಂತೂ ಮುಚ್ಚಳ ತೆಗೆದು, ಕಾಗದದ ಪಟ್ಟಿಯ ತುದಿ ಅದ್ದಿ ಮೂಗಿನ ಹತ್ತಿರ ತಂದೆ. ಮೊದಲು ಹೊಸ ಡಾಂಬರು ರಸ್ತೆ. ಆಮೇಲೆ ಎತ್ತಿನ ಬಂಡಿಯ ಕೀಲೆಣ್ಣೆ. ಅದಾದ ಮೇಲೆ, ಅರ್ಧ ಗಂಟೆ ಕಳೆದು ಕೋಣೆಗೆ ಮತ್ತೆ ಬಂದಾಗ, ನಮ್ಮ ಮುತ್ಯಾ ಕೂತಿದ್ದ.

ಈ ಹವ್ಯಾಸ ನನಗೆ ಹೇಗೆ ಅಂಟಿತು ಎಂದು ಹೇಳಬೇಕು. ನಾನು ಪುಣೆಯಲ್ಲಿ ಹದಿನೆಂಟು ವರ್ಷದಿಂದ ಇರುವ, ಹಿಂಜೆವಾಡಿಯ ಟ್ರಾಫಿಕ್ಕಿನಲ್ಲಿ ಕೂದಲು ಬೆಳ್ಳಗಾದ ಐಟಿ ಪ್ರಾಜೆಕ್ಟ್ ಮ್ಯಾನೇಜರ್. ಕೋಡ್ ಬರೆಯುವುದು ನಿಂತು ಎಷ್ಟೋ ವರ್ಷವಾಯಿತು. ಈಗ ಬೇರೆಯವರು ಬರೆದ ಕೋಡ್ ಯಾಕೆ ತಡವಾಯಿತು ಎಂದು ಇನ್ನೂ ಬೇರೆಯವರಿಗೆ ವಿವರಿಸುವುದು ನನ್ನ ಕೆಲಸ. ಕೈಯಿಂದ ಏನಾದರೂ ಮಾಡಬೇಕು ಅನ್ನಿಸುತ್ತಿತ್ತು. ಗೆಳೆಯರು ಬ್ರೆಡ್ ಮಾಡಿದರು, ಸೈಕಲ್ ಕೊಂಡರು. ನಾನು ನೂರನೇ ಒಂದು ಗ್ರಾಂ ತೂಗುವ ತಕ್ಕಡಿ, ಡ್ರಾಪರ್‌ಗಳು, ಪುಟ್ಟ ಶೀಶೆಗಳನ್ನು ಕೊಂಡೆ. ಎಕ್ಸೆಲ್ ಶೀಟ್ ಅಂತೂ ಮೊದಲ ದಿನವೇ ತಯಾರಾಯಿತು. ಯಾವ ವಸ್ತು, ಎಷ್ಟು ಪರ್ಸೆಂಟ್, ಒಂದು ಗಂಟೆಯ ನಂತರ ಹೇಗೆ, ಮರುದಿನ ಹೇಗೆ. ನಮ್ಮಂಥವರಿಗೆ ಹವ್ಯಾಸಕ್ಕೂ ಒಂದು ಟ್ರ್ಯಾಕರ್ ಬೇಕು.

ಗುಲಾಬಿ, ಮಲ್ಲಿಗೆಗಳು ನನಗೆ ಹಿಡಿಸಲಿಲ್ಲ. ಹೊಗೆ ವಾಸನೆಯ, ಕಮಟು ವಾಸನೆಯ ವಸ್ತುಗಳೇ ಸೇರುತ್ತ ಹೋದವು. ಅದಕ್ಕೊಂದು ಕಾರಣ ಇರಬಹುದೆಂದು ಆಗ ಯೋಚಿಸಿರಲಿಲ್ಲ.

ಮೆಡಿಟರೇನಿಯನ್ ಕಡೆಯ ಜುನಿಪರ್ ಕಟ್ಟಿಗೆಯಿಂದ ತೆಗೆಯುವ ಕೇಡ್ ಎಣ್ಣೆ ಇದೆ. ಅದನ್ನು ಚರ್ಮದ ಕಾಯಿಲೆಗೂ ಹಚ್ಚುತ್ತಿದ್ದರಂತೆ. ನನಗೆ ಅದು ಒಲೆಯ ಕೆಂಡದಲ್ಲಿ ಸುಟ್ಟ ಬದನೆಕಾಯಿಯ ಸಿಪ್ಪೆ ಸುಲಿಯುವಾಗ ಬರುವ ವಾಸನೆ. ನಾಗರಮೋಥಾ ಎಣ್ಣೆ ಹಳೆಯ ಟ್ರಂಕು ತೆರೆದಂತೆ, ಒಳಗೆ ಸ್ವಲ್ಪ ಮಣ್ಣು, ಸ್ವಲ್ಪ ಹೊಗೆ. ಇದು ಯಾವ ಗಿಡವೆಂದು ಹುಡುಕಿದರೆ ನಮ್ಮ ಹೊಲದ ಜೇಕಿನ ಹತ್ತಿರದ ಸಂಬಂಧಿ! ಅವ್ವ ಕುರ್ಪಿ ಹಿಡಿದು ಬೈಯುತ್ತ ಬೈಯುತ್ತ ಕಿತ್ತೆಸೆಯುತ್ತಿದ್ದ ಕಳೆ ಅದು. ಅದರ ದಾಯಾದಿಯ ಗಡ್ಡೆ ಮಧ್ಯಪ್ರದೇಶದಿಂದ ಹೋಗಿ ದೊಡ್ಡ ದೊಡ್ಡ ಹೆಸರಿನ 'ಊದ್' ಸೆಂಟುಗಳ ಒಳಗೆ ಕೂತಿದೆ. ನಿಜವಾದ ಊದ್‌ನ ಬೆಲೆಗೆ ಹೆದರಿದವರು ಇದರಿಂದ ಅದರ ನೆರಳನ್ನಾದರೂ ಹಿಡಿಯುತ್ತಾರೆ. ನಮ್ಮ ಲಾವಂಚವೂ ಹೊಗೆಯ ಕುಲದ್ದೇ. ಜಾವಾ ದ್ವೀಪದಿಂದ ಬರುವ ಲಾವಂಚದ ಎಣ್ಣೆಯಲ್ಲಿ ಸುಟ್ಟ ವಾಸನೆ ಇನ್ನೂ ಜಾಸ್ತಿ.

ಎಲ್ಲಕ್ಕಿಂತ ವಿಚಿತ್ರ ಎಂದರೆ ಚೋಯಾ ನಖ್. ನಖ ಎಂದರೆ ಉಗುರು. ಶಂಖದ ಹುಳು ಒಳಗೆ ಸೇರಿಕೊಂಡಾಗ ಬಾಗಿಲು ಹಾಕಿಕೊಳ್ಳಲು ಒಂದು ಮುಚ್ಚಳ ಇರುತ್ತದಲ್ಲ, ನೋಡಲು ಉಗುರಿನ ಹಾಗೆಯೇ ಇರುವಂಥದ್ದು, ಅದನ್ನು ಸುಟ್ಟು ತೆಗೆದ ಎಣ್ಣೆ. ಒಣಮೀನಿನ ಸಂತೆಯ ಪಕ್ಕದಲ್ಲಿ ಯಾರೋ ಬೀಡಿ ಹಚ್ಚಿದಂತೆ ನಾರುತ್ತದೆ. ಆದರೆ ನೂರರಲ್ಲಿ ಅರ್ಧ ಹನಿ ಸೇರಿಸಿ ನೋಡಿ, ಇಡೀ ಮಿಶ್ರಣಕ್ಕೆ ಆಳ ಬರುತ್ತದೆ. ಇದೇನೂ ಇಂದಿನ ಷೋಕಿಯಲ್ಲ. ವರಾಹಮಿಹಿರನ 'ಬೃಹತ್ಸಂಹಿತೆ'ಯ ಗಂಧಯುಕ್ತಿಯಲ್ಲೇ ನಖದ ಹೆಸರಿದೆ. ನಮ್ಮ ಕನ್ನಡದಲ್ಲೂ, 1025ರ ಸುಮಾರಿಗೆ ಎರಡನೆಯ ಚಾವುಂಡರಾಯ ಬರೆದ 'ಲೋಕೋಪಕಾರ'ದಲ್ಲಿ, ಬಾವಿ ತೋಡುವುದು, ಗಿಡ ನೆಡುವುದು, ಅಡುಗೆ ಇವುಗಳ ಜೊತೆಗೆ ಸುಗಂಧದ ವಿಷಯಕ್ಕೂ ಜಾಗವಿದೆ.

ಚೋಯಾ ಮಾಡುವ ಊರು ನೋಡಬೇಕೆಂದು ಕನೌಜಿಗೂ ಹೋಗಿ ಬಂದೆ. ಕೆಲಸದ ಮೇಲೆ ಲಖನೌಗೆ ಹೋದವನು ಭಾನುವಾರ ಒಂದು ಟ್ಯಾಕ್ಸಿ ಮಾಡಿಕೊಂಡೆ. ಅಲ್ಲಿ ಹೂವಿನ ಅತ್ತರು ತೆಗೆಯುವುದನ್ನು ನೀವೂ ವೀಡಿಯೋಗಳಲ್ಲಿ ನೋಡಿರುತ್ತೀರಿ. ತಾಮ್ರದ ದೊಡ್ಡ ಹಂಡೆ, ಅದಕ್ಕೆ ದೇಗ್ ಎನ್ನುತ್ತಾರೆ. ಅದರಲ್ಲಿ ಹೂವು, ನೀರು. ಬಾಯಿಗೆ ಮಣ್ಣಿನ ಮೆತ್ತೆ. ಹಗ್ಗ ಸುತ್ತಿದ ಬಿದಿರಿನ ಕೊಳವೆಯ ಮೂಲಕ ಹಬೆ ಇಳಿದು ನೀರಿನ ತೊಟ್ಟಿಯಲ್ಲಿ ಕೂತ ಭಪ್ಕಾ ಎಂಬ ಪಾತ್ರೆಯೊಳಗಿನ ಗಂಧದೆಣ್ಣೆಗೆ ಸೇರುತ್ತದೆ. ಚೋಯಾದ ಲೆಕ್ಕ ಬೇರೆ. ಅಲ್ಲಿ ನೀರಿಲ್ಲ, ಹಬೆಯಿಲ್ಲ. ಚಿಪ್ಪೋ, ಲೋಬಾನವೋ, ಸಾಲ ಮರದ ರಾಳವೋ, ಮಣ್ಣಿನ ಗಡಿಗೆಯಲ್ಲಿ ತುಂಬಿ ಬೆಂಕಿಗೆ ಹಿಡಿಯುತ್ತಾರೆ. ಒಳಗೆ ಗಾಳಿ ಸಾಲದೆ ವಸ್ತು ಹೊತ್ತಿ ಉರಿಯುವುದಿಲ್ಲ, ಕಮರುತ್ತದೆ. ಆ ಹೊಗೆಯೇ ತಣಿದು ಕಪ್ಪು ಎಣ್ಣೆಯಾಗಿ ತೊಟ್ಟಿಕ್ಕುತ್ತದೆ. ಬರ್ಚ್ ಟಾರ್ ತೆಗೆಯುವುದೂ ಹೀಗೆಯೇ. ಯುರೋಪಿನ ಆದಿಮಾನವರು ಕಲ್ಲಿನ ಮೊನೆಯನ್ನು ಕೋಲಿಗೆ ಅಂಟಿಸಲು ಇದೇ ಟಾರನ್ನು ಗೋಂದಿನಂತೆ ಬಳಸಿದ್ದರು. ಮನುಷ್ಯ ಹೂವು ಭಟ್ಟಿ ಇಳಿಸುವ ಎಷ್ಟೋ ಸಾವಿರ ವರ್ಷ ಮೊದಲೇ ತೊಗಟೆ ಸುಟ್ಟು ಎಣ್ಣೆ ತೆಗೆದಿದ್ದ.

ಕನೌಜಿನ ಅಂಗಡಿಯಾತ ಒಳ್ಳೆಯ ಮನುಷ್ಯ. ಚಹಾ ತರಿಸಿದ. ಎಷ್ಟು ತಲೆಮಾರಿನಿಂದ ಈ ಕೆಲಸದಲ್ಲಿದ್ದೇವೆ ಎಂದು ಮುತ್ತಾತನ ತನಕ ಹೆಸರು ಹೇಳಿದ. ಕೊನೆಗೆ ಗೋಡೆಯ ಗೂಡಿನಿಂದ ಒಂದು ಹಳೆಯ ವಸ್ತು ಇಳಿಸಿದ. ಹೊಟ್ಟೆ ಉಬ್ಬಿದ, ಸಣ್ಣ ಕತ್ತಿನ, ತೊಗಲಿನ ಬಾಟಲಿ. ಕುಪ್ಪಿ. ಅತ್ತರಿನಲ್ಲಿ ಉಳಿದ ನೀರಿನ ಪಸೆ ಹೋಗಲೆಂದು ಅದನ್ನು ಈ ಕುಪ್ಪಿಯಲ್ಲಿ ತುಂಬಿ ಬಿಸಿಲಿಗಿಡುತ್ತಾರಂತೆ. ನೀರು ತೊಗಲಿನ ಮೂಲಕ ಆರಿಹೋಗುತ್ತದೆ, ಎಣ್ಣೆ ಒಳಗೇ ಉಳಿಯುತ್ತದೆ. ಗಾಜು ಈ ಕೆಲಸ ಮಾಡಲಾರದು. ನಾನು ಅದನ್ನು ತಿರುಗಿಸಿ ಹೊಲಿಗೆ ನೋಡಿದೆ. ಬಿಗಿಯಾದ, ಸಣ್ಣ ಹೊಲಿಗೆ. ಎಣ್ಣೆ ಒಂದು ಹನಿ ಜಿನುಗಬಾರದಲ್ಲ.

"ಇದನ್ನ ಯಾರು ಹೊಲೀತಾರೆ?" ಎಂದು ಹಿಂದಿಯಲ್ಲಿ ಕೇಳಿದೆ.

"ಇದಾರೆ, ಕೆಲವರು," ಎಂದ. ಹೆಸರುಗಳು ಅಲ್ಲಿಗೆ ಮುಗಿದವು.

ನಮ್ಮದು ಅಥಣಿ ಕಡೆಯ ಹಳ್ಳಿ. ನಾವು ಸಮಗಾರರು. ಈ ಎರಡನೇ ವಾಕ್ಯವನ್ನು ಕನ್ನಡದಲ್ಲಿ ನಾನು ಬರೆಯುತ್ತಿರುವುದು ಇದೇ ಮೊದಲು. ನಮ್ಮ ಅಡ್ಡಹೆಸರು ಊರಿನಿಂದ ಬಂದದ್ದು, 'ಕರ್' ಎಂದು ಮುಗಿಯುತ್ತದೆ. ಪುಣೆಯಲ್ಲಿ ಅಂಥ ಹೆಸರು ಯಾರನ್ನೂ ಎಚ್ಚರಿಸುವುದಿಲ್ಲ. ಮನೆ ಬಾಡಿಗೆಗೆ ಕೇಳಲು ಹೋದಾಗ ಅದರಿಂದ ಎಷ್ಟು ಅನುಕೂಲವಾಯಿತೋ ನನಗೆ ಗೊತ್ತು.

ಮುತ್ಯಾ ಚಪ್ಪಲಿ ಮಾಡುತ್ತಿದ್ದ. ಜನ ಕೊಲ್ಹಾಪುರಿ ಎಂದು ಕರೆಯುವ ಚಪ್ಪಲಿಯನ್ನು ನಮ್ಮ ಕಡೆಯವರೂ ತಲೆಮಾರುಗಳಿಂದ ಮಾಡುತ್ತ ಬಂದಿದ್ದಾರೆ. 2019ರಲ್ಲಿ ಅದಕ್ಕೆ ಭೌಗೋಳಿಕ ಸೂಚಕದ ಮಾನ್ಯತೆ ಸಿಕ್ಕಾಗ ಮಹಾರಾಷ್ಟ್ರದ ನಾಲ್ಕು ಜಿಲ್ಲೆಗಳ ಜೊತೆ ಬೆಳಗಾವಿ, ಬಾಗಲಕೋಟೆ, ಧಾರವಾಡ, ವಿಜಯಪುರಗಳೂ ಪಟ್ಟಿಯಲ್ಲಿದ್ದವು. ಮುತ್ಯಾ ಆಗ ಇರಲಿಲ್ಲ. ಇದ್ದಿದ್ದರೂ "ಅದರಿಂದ ಜೋಡಿಗೆ ಎಷ್ಟು ಹೆಚ್ಚಿಗಿ ಕೊಡ್ತಾರ?" ಎಂದು ಕೇಳುತ್ತಿದ್ದ.

ಓಣಿಯ ಆಚೆ ಹಳ್ಳದ ದಂಡೆಗೆ ತೊಗಲು ಹದ ಮಾಡುವ ಡೋಹರರ ಮನೆಗಳಿದ್ದವು. ಅಲ್ಲಿ ಸುಣ್ಣದ ಹೊಂಡಗಳು. ಹಸಿ ತೊಗಲನ್ನು ಸುಣ್ಣದ ನೀರಿನಲ್ಲಿ ದಿನಗಟ್ಟಲೆ ನೆನೆಸಿ, ಕೂದಲು ಹೆರೆದು, ಮಾಂಸ ಕೆರೆದು ತೆಗೆಯುತ್ತಿದ್ದರು. ಆ ವಾಸನೆಯನ್ನು ವರ್ಣಿಸಲು ನನ್ನಿಂದಾಗದು. ಕೊಳೆತದ್ದು, ಸುಟ್ಟ ಸುಣ್ಣದ ಖಾರ, ಹೊಟ್ಟೆ ತೊಳಸುವಂಥದ್ದು. ಆಮೇಲೆ ತೊಗಲನ್ನು ಚೀಲದ ಹಾಗೆ ಹೊಲಿದು ಮರದ ಕಂಬಕ್ಕೆ ತೂಗುಹಾಕುವರು. ಒಳಗೆ ಕುಟ್ಟಿದ ಜಾಲಿ ತೊಗಟೆ, ಅಳಲೆಕಾಯಿ, ನೀರು. ಚೀಲ ಕೆಳಗಿನಿಂದ ಜಿನುಗುತ್ತಲೇ ಇರುತ್ತಿತ್ತು. ಜಿನುಗಿದ ಕೆಂಪು ನೀರನ್ನು ಹಿಡಿದು ಮತ್ತೆ ಮೇಲಿನಿಂದ ಸುರಿಯುವರು. ವಾರಗಟ್ಟಲೆ ಇದೇ. ಅಷ್ಟು ಹೊತ್ತಿಗೆ ಹೊಂಡದ ನಾತ ಹೋಗಿ ಬೇರೊಂದು ವಾಸನೆ ಹುಟ್ಟುತ್ತಿತ್ತು. ಒಗರು, ಸಿಹಿ, ನೆನೆದ ಕಟ್ಟಿಗೆಯ ಹಾಗೆ. ಮುತ್ಯಾ ಅದನ್ನು ಸುರುಳಿ ಸುತ್ತಿ ಹೆಗಲ ಮೇಲೆ ಹೊತ್ತು ತರುತ್ತಿದ್ದ. ಮನೆಯಲ್ಲಿ ರಂಪಿಗೆಯಿಂದ ಕೊಯ್ದು, ಕಲ್ಲಿನ ಮೇಲೆ ಬಡಿದು, ತೊಗಲಿನ ದಾರದಿಂದಲೇ ಹೊಲಿದು, ಕೊನೆಗೆ ಕುಸುಬಿ ಎಣ್ಣೆ ಸವರುತ್ತಿದ್ದ. ಒಳಗೆ ಆಯಿ ಜಾಲಿ ಕಟ್ಟಿಗೆ ಒಲೆ ಹಚ್ಚಿದರೆ ಆ ಹೊಗೆ ಎಲ್ಲ ಚಪ್ಪಲಿಗಳ ಮೇಲೂ ಇಳಿಯುತ್ತಿತ್ತು. ತೊಗಟೆ ತೊಗಲಿಗೆ, ಕಟ್ಟಿಗೆ ಒಲೆಗೆ. ಒಂದೇ ಮರ ಎರಡು ಕಡೆ ದುಡಿಯುತ್ತಿತ್ತು.

ಶಾಲೆಯಲ್ಲಿ ನನ್ನ ಪಕ್ಕ ಕೂಡುತ್ತಿದ್ದ ಹುಡುಗ ಒಂದು ದಿನ ಮೂಗು ಹಿಡಿದ. ಮರುದಿನ ಮೂವರು ಹಿಡಿದರು. ಗುರುಗಳು ನನ್ನನ್ನು ಕಿಟಕಿಯ ಹತ್ತಿರ ಕೂಡಿಸಿದರು. ಗಾಳಿ ಬರಲೆಂದು ಅಂದರು, ಯಾರಿಗೆ ಎಂದು ಹೇಳಲಿಲ್ಲ. ಆ ವರ್ಷದಿಂದ ನಾನು ದಿನಕ್ಕೆ ಎರಡು ಸಲ ಸೋಪು ಹಚ್ಚಲು ಶುರುಮಾಡಿದೆ. ಇಂಜಿನಿಯರಿಂಗ್ ಹಾಸ್ಟೆಲಿಗೆ ಹೋದಾಗ ನನ್ನ ಪೆಟ್ಟಿಗೆಯಲ್ಲಿ ಪುಸ್ತಕಕ್ಕಿಂತ ಪೌಡರ್ ಡಬ್ಬಿಗಳೇ ಜಾಸ್ತಿ ಇದ್ದವು ಎಂದು ಗೆಳೆಯರು ಈಗಲೂ ರೇಗಿಸುತ್ತಾರೆ. ಎಂಟೆಕ್ ಮುಗಿಸಿದೆ, ಕೆಲಸ ಸಿಕ್ಕಿತು. ಮೊದಲ ಸಂಬಳದಲ್ಲಿ ಒಂದು ಫಾರಿನ್ ಸೆಂಟು ಕೊಂಡೆ. ಲಿಂಬೆಯಂತೆ ಕಮ್ಮಗಿನ, ಸ್ವಚ್ಛ ಸ್ವಚ್ಛ ವಾಸನೆಯದು.

ಇನ್ನೊಂದು ನೆನಪಿದೆ. ಗೌಡರ ಮನೆಗೆ ಅಳತೆ ತೆಗೆಯಲು ಹೋಗುವಾಗ ಮುತ್ಯಾ ನನ್ನನ್ನು ಕರೆದುಕೊಂಡು ಹೋಗುತ್ತಿದ್ದ. ಹಳೆಯ ಕ್ಯಾಲೆಂಡರಿನ ಹಾಳೆ ಹಿಡಿಯುವುದು ನನ್ನ ಕೆಲಸ. ಗೌಡರು ಪಡಸಾಲೆಯ ಅಂಚಿಗೆ ಬಂದು ಹಾಳೆಯ ಮೇಲೆ ಕಾಲಿಡುವರು. ಮುತ್ಯಾ ಕೆಳಗಿನ ಮೆಟ್ಟಿಲ ಮೇಲೆ ಕುಕ್ಕರಗಾಲಿನಲ್ಲಿ ಕೂತು ಪೆನ್ಸಿಲ್ ತುಂಡಿನಿಂದ ಕಾಲಿನ ಸುತ್ತ ಗೆರೆ ಎಳೆಯುವನು. ಪೆನ್ಸಿಲ್ ಕಾಲಿಗೆ ತಾಗಬೇಕು, ಬೆರಳು ತಾಗಬಾರದು. ಹೆಬ್ಬೆರಳಿನಿಂದ ಹಿಮ್ಮಡಿಯ ತನಕ ಒಂದೇ ಗೆರೆ, ಒಮ್ಮೆಯೂ ಪೆನ್ಸಿಲ್ ಎತ್ತದೆ. ನಮ್ಮ ಮನೆಯ ಗೋಡೆಯ ಮೇಲೆ ಹರಳಯ್ಯ ಶರಣರ ಒಂದು ಚಿತ್ರಪಟ ಇತ್ತು. ಬಸವಣ್ಣನವರಿಗಾಗಿ ತಮ್ಮ ತೊಡೆಯ ಚರ್ಮದಿಂದಲೇ ಮೆಟ್ಟು ಮಾಡಿದ ಹರಳಯ್ಯ. ಆಯಿ ಅದಕ್ಕೆ ದಿನಾ ಊದುಬತ್ತಿ ಬೆಳಗುತ್ತಿದ್ದಳು. ಅದರ ಹೊಗೆಯೂ ಚಪ್ಪಲಿಗಳ ಮೇಲೆಯೇ ಇಳಿಯುತ್ತಿತ್ತು.

ಬರ್ಚ್ ಟಾರಿಗೆ ಮರಳುತ್ತೇನೆ. ಅದರ ಬಗ್ಗೆ ಓದುತ್ತ ಹೋದಂತೆ ನನಗೆ ತಿಳಿದದ್ದು, ಲೆದರ್ ಎಂದು ಮಾರುವ ಸೆಂಟಿನಲ್ಲಿ ತೊಗಲಿನ ಅಂಶವೇ ಇಲ್ಲ. ಇರಲು ಸಾಧ್ಯವೂ ಇಲ್ಲ. ತೊಗಲನ್ನು ಭಟ್ಟಿ ಇಳಿಸಿದರೆ ಯಾರಿಗೂ ಬೇಕಾದದ್ದೇನೂ ಬರುವುದಿಲ್ಲ. ಪ್ರಸಿದ್ಧವಾದ ರಷ್ಯನ್ ಲೆದರನ್ನೇ ತೆಗೆದುಕೊಳ್ಳಿ. ಅದನ್ನು ಅಲ್ಲಿಯವರು ವಿಲೋ ಮರದ ತೊಗಟೆಯಲ್ಲಿ ಹದ ಮಾಡಿ, ಮೇಲೆ ಬರ್ಚ್ ಎಣ್ಣೆ ಉಜ್ಜುತ್ತಿದ್ದರು. ಹುಳ ಹಿಡಿಯದು, ನೀರು ಇಳಿಯದು. ಆ ಎಣ್ಣೆಯ ವಾಸನೆಯನ್ನೇ ಜನ ತೊಗಲಿನ ವಾಸನೆ ಎಂದುಕೊಂಡರು. 1786ರಲ್ಲಿ ಸೇಂಟ್ ಪೀಟರ್ಸ್‌ಬರ್ಗ್‌ನಿಂದ ಜಿನೋವಾಕ್ಕೆ ಹೊರಟಿದ್ದ 'ಮೆಟ್ಟಾ ಕ್ಯಾಥರೀನಾ' ಎಂಬ ಹಡಗು ಇಂಗ್ಲೆಂಡಿನ ಪ್ಲಿಮತ್ ಬಳಿ ಮುಳುಗಿತು. ಅದರಲ್ಲಿ ಇಂಥ ತೊಗಲಿನ ಸುರುಳಿಗಳಿದ್ದವು. 1973ರಲ್ಲಿ ಮುಳುಗುಗಾರರಿಗೆ ಅದು ಸಿಕ್ಕಿತು. ಸುಮಾರು ಇನ್ನೂರು ವರ್ಷ ಸಮುದ್ರದ ಕೆಸರಿನಲ್ಲಿದ್ದ ತೊಗಲನ್ನು ತೊಳೆದು ಒಣಗಿಸಿ ಬೂಟು, ಚೀಲ ಹೊಲಿದರು!

ಫ್ರಾನ್ಸಿನ ಗ್ರಾಸ್ ಪಟ್ಟಣ ಜಗತ್ತಿನ ಸುಗಂಧದ ರಾಜಧಾನಿ ಅನ್ನಿಸಿಕೊಂಡಿದೆ. ಅದು ಮೊದಲು ತೊಗಲು ಹದ ಮಾಡುವವರ ಊರು. ಅಲ್ಲಿ ಮಾಡಿದ ಕೈಗವಸಿನ ನಾತ ರಾಜಮನೆತನದವರ ಮೂಗಿಗೆ ಬಡಿಯದಿರಲೆಂದು ಸುಗಂಧ ಪೂಸಲು ಶುರುಮಾಡಿದರು. ಬರುಬರುತ್ತಾ ಕೈಗವಸು ಹಿಂದಾಯಿತು, ಸುಗಂಧ ಉಳಿಯಿತು. ನಂತರ ಅದೇ ಸುಗಂಧದವರೇ ತೊಗಲಿನ ವಾಸನೆಯನ್ನು ಮರದ ಟಾರಿನಿಂದ ಕಟ್ಟಿ ಶೀಶೆಯಲ್ಲಿ ಮಾರಿದರು. ನಮ್ಮೂರ ಡೋಹರರಿಗೆ ಈ ಕಥೆ ಹೇಳಿದರೆ ಹೊಟ್ಟೆ ಹಿಡಿದು ನಗುತ್ತಾರೆ.

ಬೀವರ್ ಎಂಬ ಪ್ರಾಣಿಯ ಗ್ರಂಥಿಯಿಂದ ಸಿಗುವ ಕ್ಯಾಸ್ಟೋರಿಯಂ ಇನ್ನೊಂದು ತೊಗಲು ವಾಸನೆಯ ವಸ್ತು. ಈಗ ಅದರ ನಕಲೇ ಹೆಚ್ಚು ಬಳಕೆಯಲ್ಲಿದೆ. ಇದಾದರೂ ಪ್ರಾಣಿಯದ್ದಲ್ಲವೇ ಅಂದುಕೊಂಡೆ. ನೋಡಿದರೆ ಬೀವರ್ ತಿನ್ನುವುದು ಮರದ ತೊಗಟೆಯನ್ನು. ಆ ತೊಗಟೆಯ ಫೀನಾಲುಗಳೇ ಗ್ರಂಥಿಯಲ್ಲಿ ಶೇಖರವಾಗುವುದು. ಮತ್ತೆ ತೊಗಟೆ! ಮರ ಕಮರಿದಾಗ ಹುಟ್ಟುವ ಗ್ವಾಯಕಾಲ್, ಕ್ರೆಸಾಲ್‌ಗಳು ನಮ್ಮ ಮೂಗಿಗೆ ಹೊಗೆ ಅನ್ನಿಸುತ್ತವೆ, ಸ್ವಲ್ಪ ಪಳಗಿದರೆ ತೊಗಲು ಅನ್ನಿಸುತ್ತವೆ. ಈಗ ಜಗತ್ತಿನ ಬಹುಪಾಲು ತೊಗಲನ್ನು ತೊಗಟೆಯಲ್ಲಿ ಅಲ್ಲ, ಕ್ರೋಮಿಯಂ ಲವಣದಲ್ಲಿ ಹದ ಮಾಡುತ್ತಾರೆ. ಆ ತೊಗಲಿಗೆ ಮುತ್ಯಾನ ಹೆಗಲ ಮೇಲಿನ ಸುರುಳಿಯ ವಾಸನೆ ಇರುವುದಿಲ್ಲ.

ಅಂದರೆ ಶಾಲೆಯಲ್ಲಿ ಹುಡುಗರು ಮೂಗು ಹಿಡಿದದ್ದು ಯಾವುದಕ್ಕೆ? ನನ್ನ ಅಂಗಿಯಲ್ಲಿ ಇದ್ದದ್ದು ಹೊಂಡದ ನಾತವಲ್ಲ. ಜಾಲಿ ತೊಗಟೆ, ಅಳಲೆಕಾಯಿ, ಕುಸುಬಿ ಎಣ್ಣೆ, ಒಲೆ ಹೊಗೆ ಇವಿಷ್ಟೇ. ಒಂದೊಂದನ್ನೂ ಬೇರೆ ಬೇರೆಯಾಗಿ ಇಟ್ಟರೆ ಯಾರೂ ಮೂಗು ಹಿಡಿಯಲಾರರು. ಅಳಲೆಕಾಯಿಯಂತೂ ಅವರ ಮನೆಯ ಔಷಧದ ಡಬ್ಬಿಯಲ್ಲೇ ಇರುತ್ತಿತ್ತು.

ಆ ವಾಸನೆಯನ್ನು ಕಟ್ಟಬೇಕೆಂದು ಕೂತೆ. ಎಕ್ಸೆಲ್‌ನಲ್ಲಿ ಹೊಸ ಶೀಟ್, ಹೆಸರು 'ಲೆದರ್'. ಕಚ್ಚಾ ಬರ್ಚ್ ಟಾರಿನಲ್ಲಿ ಕ್ಯಾನ್ಸರ್ ತರಬಲ್ಲ ಅಂಶಗಳಿರುವುದರಿಂದ ಸುಗಂಧದಲ್ಲಿ ಬಳಸುವಂತಿಲ್ಲ, ಶುದ್ಧೀಕರಿಸಿದ್ದು ಬೇಕು. ಅದನ್ನೂ ನೂರಕ್ಕೆ ಒಂದರಂತೆ ಆಲ್ಕೋಹಾಲಿನಲ್ಲಿ ಕರಗಿಸಿ ಹನಿಯಲ್ಲೇ ಲೆಕ್ಕ ಹಾಕಬೇಕು. ಆಯುರ್ವೇದದ ಅಂಗಡಿಯಿಂದ ಜಾಲಿ ತೊಗಟೆ, ಅಳಲೆಕಾಯಿ ತಂದು ಕುಟ್ಟಿ ಆಲ್ಕೋಹಾಲಿನಲ್ಲಿ ಆರು ವಾರ ನೆನೆಹಾಕಿದೆ. ತೊಗಲಿನ ಚೂರುಗಳನ್ನೂ ಒಂದು ಶೀಶೆಯಲ್ಲಿ ನೆನೆಹಾಕಿ ನೋಡಿದೆ. ಸೋಸಿದಾಗ ಸಿಕ್ಕಿದ್ದು ತೊಗಟೆಯ ವಾಸನೆಯೇ. ಮೊದಲ ಎಂಟು ಪ್ರಯತ್ನಗಳನ್ನು ಚೆಲ್ಲಿದೆ. ಒಂದು ಪೆಟ್ರೋಲ್ ಬಂಕ್, ಇನ್ನೊಂದು ತಂದೂರಿ ಹೋಟೆಲ್. ಒಂಬತ್ತನೆಯದರಲ್ಲಿ ಟಾರ್ ಕಡಿಮೆ ಮಾಡಿ ನಾಗರಮೋಥಾ ಹೆಚ್ಚಿಸಿದೆ. ಪರವಾಗಿಲ್ಲ ಅನ್ನಿಸಿ ಮಣಿಕಟ್ಟಿಗೆ ಹಚ್ಚಿಕೊಂಡು ಆಫೀಸಿಗೆ ಹೋದೆ.

ಮೀಟಿಂಗ್ ಮುಗಿದ ಮೇಲೆ ನಮ್ಮ ಡೆಲಿವರಿ ಹೆಡ್ ತಡೆದು ನಿಲ್ಲಿಸಿದರು. ದೆಹಲಿಯವರು, ಸೆಂಟಿನ ಮೇಲೆ ಪ್ರೀತಿ ಇರುವವರು. "ಏನ್ರೀ ಇದು? ಯಾವ ಬ್ರ್ಯಾಂಡ್?" ನಾನೇ ಮಾಡಿದ್ದು ಅಂದೆ. ಮತ್ತೊಮ್ಮೆ ಮೂಸಿ, "ಇದು ಓಲ್ಡ್ ಮನಿ ವಾಸನೆ," ಎಂದರು. ಹಳೆಯ ಶ್ರೀಮಂತರ ಮನೆಯ ಲೈಬ್ರರಿ, ಲೆದರ್ ಕುರ್ಚಿ, ಸಿಗಾರು. ಇಂಥದ್ದು ನಿಮಗೆ ಹೇಗೆ ಹೊಳೆಯಿತು ಎಂದು ಕೇಳಿದರು.

"ನಮ್ಮಜ್ಜನ ಕಾಲದಲ್ಲಿ ಲೆದರ್ ಬಿಸಿನೆಸ್ ಇತ್ತು," ಅಂದೆ.

"ಓಹೋ. ಎಕ್ಸ್‌ಪೋರ್ಟಾ?"

"ಸಣ್ಣ ಪ್ರಮಾಣದಲ್ಲಿ."

ಮುತ್ಯಾ ಚಪ್ಪಲಿಗಳನ್ನು ಮೀರಜ್ ಸಂತೆಗೆ ಬಸ್ಸಿನ ಮೇಲೆ ಹಾಕಿ ಒಯ್ಯುತ್ತಿದ್ದ. ಮೀರಜ್ ಬೇರೆ ರಾಜ್ಯ. ಆ ಲೆಕ್ಕದಲ್ಲಿ ಎಕ್ಸ್‌ಪೋರ್ಟೇ. ರಾತ್ರಿ ಇದನ್ನು ಹೆಂಡತಿಗೆ ಹೇಳಿ ನಗಲು ನೋಡಿದೆ. ಅವಳು ನಗಲಿಲ್ಲ.

ದೀಪಾವಳಿಗೆ ಊರಿಗೆ ಹೋದಾಗ ಹದಿನಾಲ್ಕನೆಯ ಪ್ರಯತ್ನದ ಶೀಶೆ ಜೇಬಿನಲ್ಲಿತ್ತು. ಕಾಕಾನಿಗೆ ಎಂಬತ್ತರ ಹತ್ತಿರ ವಯಸ್ಸು. ಕಣ್ಣು ಮಂಜಾಗಿದೆ, ಕೈ ನಡುಗುತ್ತದೆ, ಕೆಲಸ ಬಿಟ್ಟಿದ್ದಾನೆ. ಅವನ ಮಗ, ನನ್ನ ತಮ್ಮನ ಹಾಗೆ, ಇನ್ನೂ ಚಪ್ಪಲಿ ಮಾಡುತ್ತಾನೆ. ತೊಗಲು ಮಾತ್ರ ಹೊರಗಿನಿಂದ ಬರುತ್ತದೆ. ಹಳ್ಳದ ದಂಡೆಯ ಹೊಂಡಗಳು ಮುಚ್ಚಿ ಎಷ್ಟೋ ವರ್ಷವಾಯಿತು. ಅಲ್ಲಿ ಈಗ ಮುಳ್ಳುಜಾಲಿ ಬೆಳೆದಿದೆ. ಕಾಗದದ ಪಟ್ಟಿಯನ್ನು ಅದ್ದಿ ಕಾಕಾನ ಕೈಗೆ ಕೊಟ್ಟೆ. ಏನು ಎತ್ತ ಎಂದು ಹೇಳಲಿಲ್ಲ. ಒಂಬತ್ತನೇ ಕ್ಲಾಸಿನ ನನ್ನ ಮಗಳು ಪಕ್ಕದಲ್ಲೇ ಕೂತಿದ್ದಳು.

ಕಾಕಾ ಬಹಳ ಹೊತ್ತು ಮೂಸಿದ. ಕಣ್ಣು ಮುಚ್ಚಿ ಮತ್ತೊಮ್ಮೆ ಮೂಸಿದ.

"ಜಾಲಿ ತೊಗಟಿ ಐತಿ," ಎಂದ. "ಅಳಲಿಕಾಯಿ ಐತಿ. ಎಣ್ಣಿ ಐತಿ. ನಿಮ್ಮ ಆಯಿ ಒಲಿ ಹೊಗಿ ಐತಿ."

ನನಗೆ ಗಂಟಲು ಕಟ್ಟಿತು. ಹದಿನಾಲ್ಕು ಪ್ರಯತ್ನ ಸಾರ್ಥಕ ಅನ್ನಿಸಿತು. ಅವನು ಪಟ್ಟಿಯನ್ನು ಇನ್ನೊಮ್ಮೆ ಮೂಗಿಗೆ ಹಿಡಿದು ತಲೆ ಅಲ್ಲಾಡಿಸಿದ.

"ಆದ್ರ ಸುಣ್ಣದ ಹೊಂಡ ಇಲ್ಲ ನೋಡ. ಹೊಂಡದ ನಾತ ಇಲ್ದ ತೊಗಲೆಲ್ಲಿಂದ ಬಂತೋ? ನೀ ಬರೇ ಛಲೋ ಛಲೋದಷ್ಟ ಆರಿಸಿ ಹಾಕಿದಿ."

"ಹೊಂಡ ಅಂದ್ರ ಏನ್ ಮುತ್ಯಾ?" ಎಂದು ಮಗಳು ಕೇಳಿದಳು.

ಕಾಕಾ ಹೇಳಿದ. ಒಂದು ತಾಸು ಹೇಳಿದ. ಸತ್ತ ಎಮ್ಮೆಯನ್ನು ಊರಿಂದ ಹೊರಗೆ ಯಾರು ಎಳೆಯುತ್ತಿದ್ದರು, ಸುಣ್ಣದಿಂದ ಡೋಹರರ ಕಾಲು ಹೇಗೆ ಬಿರಿಯುತ್ತಿದ್ದವು, ಚಹಾದ ಅಂಗಡಿಯಲ್ಲಿ ನಮ್ಮವರ ಕಪ್ಪು ಎಲ್ಲಿ ತೂಗುತ್ತಿತ್ತು, ಡೋಹರರ ಮನೆಯಲ್ಲಿ ನಾವೂ ಹೇಗೆ ನೀರು ಕುಡಿಯುತ್ತಿರಲಿಲ್ಲ. ಹದಿನಾಲ್ಕು ವರ್ಷದಲ್ಲಿ ನಾನು ಒಂದು ಮಾತೂ ಹೇಳಿರಲಿಲ್ಲ. ನನ್ನ ಮಗಳು ಫೋನನ್ನು ಕೆಳಗಿಟ್ಟು ಕೇಳಿದಳು. ಕೊನೆಗೆ ಕಾಕಾ ಆ ಪಟ್ಟಿಯನ್ನು ಮಡಚಿ ತನ್ನ ತಂಬಾಕಿನ ಚಂಚಿಯಲ್ಲಿ ಸೇರಿಸಿಕೊಂಡ. ಇರಲ್ಯಾಕ ಬಿಡ ಅಂದ.

ಪುಣೆಗೆ ಬರುವಾಗ ಕಾರಿನಲ್ಲಿ ಯಾರೂ ಹೆಚ್ಚು ಮಾತಾಡಲಿಲ್ಲ. ಸಾತಾರಾ ದಾಟಿದ ಮೇಲೆ ಮಗಳು ಕೇಳಿದಳು: "ಪಪ್ಪಾ, ನಿಮ್ಮ ಆಫೀಸಿನವರಿಗೆ ಗೊತ್ತೈತೇನು?"

ಮುಂದಿನ ವಾರ ಡೆಲಿವರಿ ಹೆಡ್ ತಾವಾಗಿಯೇ ಕೇಳಿದರು. ಆ ಲೆದರ್ ಸೆಂಟು ಎಲ್ಲಿಗೆ ಬಂತು, ಒಂದು ಶೀಶೆ ನನಗೂ ಮಾಡಿಕೊಡಿ. ನಾನು ಅವರ ಕ್ಯಾಬಿನ್ನಿನ ಬಾಗಿಲು ಹಾಕಿ ಕೂತು ಹೇಳಿದೆ. ಬಿಸಿನೆಸ್ ಅಲ್ಲ, ನಮ್ಮಜ್ಜ ಚಪ್ಪಲಿ ಹೊಲಿಯುತ್ತಿದ್ದ. ನಾವು ಆ ಜಾತಿಯವರೇ. ನನ್ನ ತಮ್ಮ ಈಗಲೂ ಹೊಲಿಯುತ್ತಾನೆ. ಒಂದೂವರೆ ನಿಮಿಷದ ಮಾತು. ಪ್ರಾಜೆಕ್ಟ್ ತಡವಾದಾಗ ಕಾರಣ ಹೇಳುವ ಅದೇ ದನಿಯಲ್ಲಿ ಹೇಳಿದೆ ಅನ್ನಿಸುತ್ತದೆ.

ಅವರು "ಓಹ್" ಎಂದರು. ಲ್ಯಾಪ್‌ಟಾಪ್ ಪರದೆ ನೋಡಿದರು. ನೀರು ಕುಡಿದರು. ಆಮೇಲೆ ಸ್ವಲ್ಪ ಜೋರಾಗಿಯೇ, "ಹಾಗಾದ್ರೆ ನನಗೊಂದು ಜೋಡಿ ಅಸಲಿ ಕೊಲ್ಹಾಪುರಿ ಮಾಡಿಸಿಕೊಡಿ. ಸೈಜ್ ಒಂಬತ್ತು," ಎಂದರು. ಅದು ದೊಡ್ಡತನವೋ ಮುಜುಗರವೋ ನನಗೆ ಈಗಲೂ ತಿಳಿದಿಲ್ಲ.

ಅಲ್ಲಿಂದಲೇ ತಮ್ಮನಿಗೆ ಫೋನ್ ಹಚ್ಚಿದೆ. "ಒಂಬತ್ತು ಹತ್ತು ನಮ್ಮಲ್ಲಿ ನಡಿಯಾಂಗಿಲ್ಲ ಅಣ್ಣಾ," ಎಂದ. "ಹಾಳಿ ಮ್ಯಾಲ ಕಾಲಿಟ್ಟು ಗೆರಿ ಹೊಡದು ಫೋಟೋ ಕಳಸು. ಬಾಜೂಕ ಪಟ್ಟಿ ಇಡು, ಅಳತಿ ತಿಳಿಬೇಕಲ್ಲ."

ಪ್ರಿಂಟರಿನಿಂದ ಎ4 ಹಾಳೆ ತಂದು ನೆಲದ ಮೇಲೆ ಹಾಸಿದೆ. ಅವರು ಷೂ ಕಳಚಿ, ಸಾಕ್ಸ್ ತೆಗೆದು, ಹಾಳೆಯ ಮೇಲೆ ಬಲಗಾಲಿಟ್ಟು ನಿಂತರು. ಪೆನ್ನು ನನ್ನ ಕೈಯಲ್ಲಿತ್ತು. ಗಾಜಿನ ಗೋಡೆಯಾಚೆ ಟೀಮಿನ ಹುಡುಗರು ಕೂತಿದ್ದರು. ಎಷ್ಟು ಹೊತ್ತು ಹಾಗೆ ನಿಂತಿದ್ದೆನೋ. ಕೊನೆಗೆ ಪೆನ್ನನ್ನು ಅವರ ಮುಂದೆ ಹಿಡಿದೆ. ಅವರು ಒಂದು ಕ್ಷಣ ನನ್ನ ಮುಖ ನೋಡಿ, ಏನೂ ಅನ್ನದೆ ಪೆನ್ನು ತೆಗೆದುಕೊಂಡು, ಹೊಟ್ಟೆ ಅಡ್ಡ ಬರುತ್ತಿದ್ದರೂ ಬಗ್ಗಿ, ತಮ್ಮ ಕಾಲಿನ ಸುತ್ತ ತಾವೇ ಗೆರೆ ಎಳೆದುಕೊಂಡರು. ಎರಡು ಸಲ ಪೆನ್ನು ಎತ್ತಿದರು.

ಫೋಟೋ ಕಳಿಸಿದ ಹತ್ತು ನಿಮಿಷಕ್ಕೆ ತಮ್ಮನ ವಾಟ್ಸಾಪ್ ಬಂತು. "ಯಾರ್ ಹೊಡದಾರ ಇದನ್ನ? ಗೆರಿ ಪೂರಾ ಸೊಟ್ಟ ಐತಿ. ಇನ್ನೊಮ್ಮಿ ಕಳಸು."